ಸೂಕ್ಷ್ಮ ವಾಯುಗುಣ ಮತ್ತು ಹಿತ್ತಿಲ ಕೃಷಿ: ಶಿರಸಿ, ಸಿದ್ದಾಪುರ, ಯಲ್ಲಾಪುರ

ನೆಲಕ್ಕೆ ಹತ್ತಿರದ ಗಾಳಿ, ಬೆಳಕು, ತೇವ ಮತ್ತು ಮಣ್ಣಿನ ಕಾವು ಕೆಲವೇ ಮಾರು ದೂರದಲ್ಲಿ ಬೇರೆಬೇರೆಯಾಗಿರುವುದುಂಟು. ಹೀಗೆ ಒಂದೊಂದು ಜಾಗಕ್ಕೆ ಇರುವ ಸ್ವಂತ ಹವೆಯನ್ನು ಸೂಕ್ಷ್ಮ ವಾಯುಗುಣ ಎನ್ನುತ್ತಾರೆ. ತಾಲ್ಲೂಕಿನಲ್ಲಿ ಎಷ್ಟು ಮಳೆಯಾಯಿತು ಎಂದು ಮಳೆಮಾಪಕ ಹೇಳುತ್ತದೆ. ಬಾವಿಕಟ್ಟೆಯ ಹತ್ತಿರ ಯಾವ ಗಿಡ ಬದುಕೀತು, ಕೊಟ್ಟಿಗೆಯ ಹಿಂದೆ ಯಾವುದು ಕೊಳೆತೀತು ಎಂಬುದನ್ನು ಅದು ಹೇಳಲಾರದು. ಜರ್ಮನಿಯ ಹವಾಮಾನ ತಜ್ಞ ರುಡಾಲ್ಫ್ ಗೈಗರ್ 1927ರಲ್ಲಿ ನೆಲದ ಸಮೀಪದ ಗಾಳಿಪದರವನ್ನು ಕುರಿತು ಗ್ರಂಥ ಬರೆದ ಮೇಲೆ ಇದು ಅಧ್ಯಯನದ ಶಾಖೆಯಾಯಿತು. ಉತ್ತರ ಕನ್ನಡದ ಘಟ್ಟದ ಮೇಲಿನ ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲ್ಲೂಕುಗಳಲ್ಲಿ ಅದಕ್ಕೂ ಬಹಳ ಹಿಂದಿನಿಂದ ತೋಟ, ಹಿತ್ತಿಲುಗಳ ಜಾಗ ಗೊತ್ತಾಗುತ್ತ ಬಂದಿರುವುದು ಈ ತಿಳಿವಳಿಕೆಯ ಮೇಲೆಯೇ.

ಈ ವಿಷಯದ ಕೈಪಿಡಿಗಳಲ್ಲಿ ಹೆಚ್ಚಿನವು ಚಳಿ ದೇಶಗಳಲ್ಲಿ ಹುಟ್ಟಿದವು. ಅಲ್ಲಿ ತೋಟಗಾರನ ಮುಖ್ಯ ಚಿಂತೆ ಹಿಮ. ದಕ್ಷಿಣಕ್ಕೆ ಮುಖಮಾಡಿದ ಗೋಡೆಯ ಬುಡದಲ್ಲಿ ಹಣ್ಣಿನ ಗಿಡ ನೆಟ್ಟು ಕಾವನ್ನು ಹಿಡಿದಿಡುವುದು ಮುಖ್ಯ ಉಪಾಯ. ಘಟ್ಟದ ಮೇಲೆ ಆ ಲೆಕ್ಕ ನಡೆಯುವುದಿಲ್ಲ. ಇಲ್ಲಿ ಕಾವಿಗೆ ಕೊರತೆಯಿಲ್ಲ. ಮಳೆಗಾಲದ ನಾಲ್ಕು ತಿಂಗಳು ನೀರು ಅತಿಯಾಗುತ್ತದೆ, ಫೆಬ್ರುವರಿಯಿಂದ ಮೇ ವರೆಗೆ ಸಾಲದಾಗುತ್ತದೆ. ಆದ್ದರಿಂದ ಈ ಸೀಮೆಯಲ್ಲಿ ಸೂಕ್ಷ್ಮ ವಾಯುಗುಣದ ಬಳಕೆಯೆಂದರೆ ಮೊದಲು ನೀರು ಬಸಿಯುವ ದಾರಿ, ಆಮೇಲೆ ನೆರಳು, ಕೊನೆಗೆ ಗಾಳಿ. ಈ ಅನುಕ್ರಮ ತಪ್ಪಿಸಿ ಹೊರಗಿನ ಪಾಠವನ್ನು ಹಾಗೆಯೇ ತಂದರೆ ಗಿಡ ಉಳಿಯುವುದಿಲ್ಲ.

ಸೀಮೆಯ ಹವೆ

ಮೂರೂ ತಾಲ್ಲೂಕು ಕೇಂದ್ರಗಳು ಸಮುದ್ರಮಟ್ಟದಿಂದ 500ರಿಂದ 600 ಮೀಟರ್ ಎತ್ತರದಲ್ಲಿವೆ. ಎತ್ತರ ಸಾವಿರ ಮೀಟರ್ ಏರಿದರೆ ಗಾಳಿಯ ಕಾವು ಸರಾಸರಿ 6.5 ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ. ಎತ್ತರವೊಂದರಿಂದಲೇ ಶಿರಸಿ ಕರಾವಳಿಯ ಕುಮಟೆಗಿಂತ ಮೂರು-ನಾಲ್ಕು ಡಿಗ್ರಿ ತಂಪಾಗಿರಬೇಕು. ಆದರೆ ಏಪ್ರಿಲ್ ಮಧ್ಯಾಹ್ನಗಳಲ್ಲಿ ಕಡಲಗಾಳಿ ಸಿಗದ ಒಳನಾಡು ಅಷ್ಟೇ ಕಾಯುವುದೂ ಉಂಟು. ಶಿರಸಿಯ ವಾರ್ಷಿಕ ಮಳೆ ಸುಮಾರು 2,500 ಮಿಲಿಮೀಟರ್. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಬಿದ್ದುಹೋಗುತ್ತದೆ.

ಸರಾಸರಿ ಇಲ್ಲಿ ಹೆಚ್ಚು ಕೆಲಸಕ್ಕೆ ಬಾರದು. ದೇವಿಮನೆ ಘಟ್ಟದ ಅಂಚು, ಸಿದ್ದಾಪುರದ ಪಶ್ಚಿಮದ ನೀಲ್ಕುಂದದ ಕಡೆ, ಯಲ್ಲಾಪುರದ ಅರಬೈಲ್ ಘಟ್ಟದ ತಲೆ, ಇವು ಮೋಡ ನೇರವಾಗಿ ಬಂದು ಬಡಿಯುವ ಜಾಗಗಳು. ಅದೇ ಶಿರಸಿ ತಾಲ್ಲೂಕಿನ ಪೂರ್ವಕ್ಕೆ, ವರದೆಯ ದಂಡೆಯ ಬನವಾಸಿಗೆ ಹೋದರೆ ಮಳೆ ಗಣನೀಯವಾಗಿ ಕಡಿಮೆ, ಕಾಡು ತೆಳು, ನೆಲ ಬಯಲು. ಬನವಾಸಿ ಅನಾನಸಿಗೆ ಹೆಸರಾಗಿರುವುದು, ಪಶ್ಚಿಮದ ಕಣಿವೆಗಳು ಅಡಿಕೆ, ಮೆಣಸು, ಏಲಕ್ಕಿಗೆ ಹೆಸರಾಗಿರುವುದು ಈ ಇಳಿಕೆಯಿಂದಲೇ. ಯಲ್ಲಾಪುರದಿಂದ ಮುಂಡಗೋಡಿನ ಕಡೆ ಸಾಗಿದರೂ ಇದೇ ಬದಲಾವಣೆ ಕಣ್ಣಿಗೆ ಬೀಳುತ್ತದೆ. ಬೀಜ, ಸಸಿ ಕೊಡುವವರು ಯಾವ ಊರಿನವರೆಂದು ಕೇಳಿಯೇ ತರುವುದು ಒಳ್ಳೆಯದು: ಒಂದೇ ತಾಲ್ಲೂಕಿನದಾದರೂ ಪೂರ್ವದ ಗಿಡ ಪಶ್ಚಿಮದ ಜಡಿಮಳೆಗೆ ಒಗ್ಗುತ್ತದೆಂದು ಹೇಳಲಾಗದು.

ಇಳಿಜಾರಿನ ಉದ್ದಕ್ಕೂ

ಸೀಮೆಯ ಸಾಂಪ್ರದಾಯಿಕ ಹಿಡುವಳಿಯನ್ನು ಮೇಲಿನಿಂದ ಕೆಳಕ್ಕೆ ನೋಡಬೇಕು. ನೆತ್ತಿಯಲ್ಲಿ ಕಾಡು ಅಥವಾ ಸೊಪ್ಪಿನ ಬೆಟ್ಟ. ಅದರ ಮಗ್ಗುಲಲ್ಲಿ ಚಿರೆಕಲ್ಲಿನ ಮೇಲೆ ತೆಳುಮಣ್ಣಿನ ಬೇಣ, ಹುಲ್ಲು ಮತ್ತು ಕರಡಕ್ಕೆ. ಇಳಿಜಾರಿನ ನಡುವೆ ಧರೆ ಕಡಿದು ಮಟ್ಟ ಮಾಡಿದ ಜಾಗದಲ್ಲಿ ಮನೆ, ಕೊಟ್ಟಿಗೆ, ಅಂಗಳ. ಮನೆಯ ಕೆಳಗೆ ಕಣಿವೆಯ ತಳದಲ್ಲಿ ಅಡಿಕೆ ತೋಟ. ಕಣಿವೆ ಅಗಲವಾಗುವಲ್ಲಿ ಗದ್ದೆ. ಹಳ್ಳಿಗಳಲ್ಲಿ ಮನೆಗಳು ಒಂದಕ್ಕೊಂದು ದೂರವಾಗಿ, ಪ್ರತಿ ಮನೆಯೂ ತನ್ನ ಕಣಿವೆಯನ್ನು ನೋಡುತ್ತ ಇರುವುದಕ್ಕೆ ಕಾರಣ ಈ ವಿನ್ಯಾಸ.

ತೋಟ ಕಣಿವೆಯಲ್ಲೇ ಏಕೆ? ಅಡಿಕೆ ಮರದ ಬೇರಿನ ಬಹುಭಾಗ ಮೇಲಿನ ಎರಡು-ಮೂರು ಅಡಿ ಮಣ್ಣಿನಲ್ಲೇ ಹರಡುತ್ತದೆ. ಬೇಸಿಗೆಯಲ್ಲಿ ಮೇಲ್ಮಣ್ಣು ಒಣಗಿದರೆ ಮರ ಸೊರಗುತ್ತದೆ. ಕಣಿವೆಯ ಎರಡೂ ಬದಿಯ ಗುಡ್ಡ ಬೆಳಗಿನ ಮತ್ತು ಸಂಜೆಯ ಬಿಸಿಲನ್ನು ತಡೆಯುತ್ತದೆ, ಗಾಳಿ ತಡೆಯುತ್ತದೆ, ಬೆಟ್ಟ ಕುಡಿದ ಮಳೆನೀರು ತಿಂಗಳುಗಟ್ಟಲೆ ತಳದಲ್ಲಿ ಒಸರುತ್ತದೆ. ಈ ಅಬ್ಬಿ ನೀರನ್ನು ಹಿಂದೆ ಅಡಿಕೆ ಮರದ ದಬ್ಬೆಯಲ್ಲಿ ಮನೆಯವರೆಗೂ ತರುತ್ತಿದ್ದರು. ಈಗ ಪೈಪು ಬಂದಿದೆ, ತತ್ವ ಅದೇ. ಚಳಿಗಾಲದ ರಾತ್ರಿಗಳಲ್ಲಿ ಗುಡ್ಡದ ನೆಲ ಬೇಗ ತಣ್ಣಗಾಗಿ ಅದಕ್ಕೆ ತಾಗಿದ ಭಾರದ ಗಾಳಿ ಕೆಳಕ್ಕೆ ಜಾರಿ ಕಣಿವೆಯಲ್ಲಿ ನಿಲ್ಲುತ್ತದೆ. ಡಿಸೆಂಬರ್, ಜನವರಿಯಲ್ಲಿ ಬೆಳಿಗ್ಗೆ ಹೊತ್ತೇರುವವರೆಗೂ ತೋಟದ ಮೇಲೆ ಮಂಜು ಕೂತಿದ್ದು, ಮನೆಯಂಗಳದಲ್ಲಿ ಆಗಲೇ ಬಿಸಿಲಿರುವುದು ಇದರಿಂದ. ಏಲಕ್ಕಿ, ವೀಳ್ಯದೆಲೆಗೆ ಆ ತೇವ ಹಿತ. ಕಸಿ ಮಾವಿಗೆ ಅದು ಅಹಿತ. ಹೂ ಬಿಡುವ ಹೊತ್ತಿನಲ್ಲಿ ಇಬ್ಬನಿ, ಮೋಡ ನಿಂತರೆ ಬೂದಿರೋಗ, ಜಿಗಿಹುಳು ಬಂದು ಹೂವು ಉದುರುತ್ತದೆ. ಕಸಿ ಮಾವು ಬೇಕೆಂದವರು ಅದನ್ನು ತೋಟದ ಅಂಚಿನಲ್ಲಲ್ಲ, ಬೇಣದ ಕಡೆಯ ಎತ್ತರದಲ್ಲಿ, ಗಾಳಿಯಾಡುವಲ್ಲಿ ನೆಡಬೇಕು.

ಬೆಟ್ಟವಿಲ್ಲದೆ ಈ ತೋಟವಿಲ್ಲ. ಬ್ರಿಟಿಷ್ ಕಾಲದಿಂದ ಘಟ್ಟದ ಮೇಲಿನ ತಾಲ್ಲೂಕುಗಳಲ್ಲಿ ಒಂದು ಎಕರೆ ಅಡಿಕೆ ತೋಟಕ್ಕೆ ಒಂಬತ್ತು ಎಕರೆವರೆಗೆ ಸೊಪ್ಪಿನ ಬೆಟ್ಟದ ಸವಲತ್ತು ನಡೆದುಬಂದಿದೆ. ಅಲ್ಲಿಂದ ತಂದ ಹಸಿಸೊಪ್ಪು ಮತ್ತು ಒಣ ಎಲೆಯ ದರಕನ್ನು ತೋಟದ ನೆಲಕ್ಕೆ ಹಾಸುತ್ತಾರೆ, ಕೊಟ್ಟಿಗೆಗೆ ಹಾಕಿ ಗೊಬ್ಬರ ಮಾಡುತ್ತಾರೆ. ಹೊದಿಕೆಯ ಕೆಲಸ ಗೊಬ್ಬರಕ್ಕಿಂತ ಮೊದಲಿನದು: ಅದು ಬೇಸಿಗೆಯಲ್ಲಿ ಮಣ್ಣಿನ ಕಾವು ಏರದಂತೆ, ತೇವ ಆರದಂತೆ ನೋಡಿಕೊಳ್ಳುತ್ತದೆ, ಮುಂಗಾರಿನ ದಪ್ಪ ಹನಿ ಮಣ್ಣನ್ನು ಕೊರೆಯದಂತೆ ತಡೆಯುತ್ತದೆ. ಸೊಪ್ಪು ಸವರಿ ಸವರಿ ಬೆಟ್ಟ ಬೋಳಾದ ಕಡೆಗಳಲ್ಲಿ ತೋಟದ ಹಳ್ಳ ಬೇಗ ಒಣಗುವುದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. 1983ರ ಸೆಪ್ಟೆಂಬರ್‌ನಲ್ಲಿ ಶಿರಸಿ ತಾಲ್ಲೂಕಿನ ಸಾಲ್ಕಣಿಯ ಜನ ಮರಗಳನ್ನು ಅಪ್ಪಿಕೊಂಡು ಕಡಿತ ನಿಲ್ಲಿಸಿದ ಅಪ್ಪಿಕೋ ಚಳವಳಿಯ ಹಿಂದೆ ಕಾಡಿನ ಪ್ರೀತಿಯ ಜೊತೆಗೆ ನೀರಿನ, ಸೊಪ್ಪಿನ ಈ ಲೆಕ್ಕವೂ ಇತ್ತು.

ಬಿಸಿಲಿನ ದಿಕ್ಕು

ಈ ಸೀಮೆ ಸುಮಾರು 14.3ರಿಂದ 15 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಹಾಗಾಗಿ ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ನಡುಹಗಲ ಸೂರ್ಯ ನೆತ್ತಿಯಿಂದ ಉತ್ತರಕ್ಕಿರುತ್ತಾನೆ; ಉಳಿದ ಕಾಲವೆಲ್ಲ ದಕ್ಷಿಣಕ್ಕೆ. ಉತ್ತರಕ್ಕಿರುವ ತಿಂಗಳುಗಳಲ್ಲಿ ಹೆಚ್ಚಿನವು ಮೋಡದ ಮರೆಯಲ್ಲೇ ಕಳೆಯುತ್ತವೆ. ನಿಜವಾಗಿ ಸುಡುವುದು ಮಳೆ ಬಿಟ್ಟ ಮೇಲಿನ ನೈಋತ್ಯದ ಇಳಿಬಿಸಿಲು. ಮಳೆಗಾಲವಿಡೀ ನೀರುಂಡು ಮೆತ್ತಗಾದ ಎಳೆ ಅಡಿಕೆಯ ಕಾಂಡಕ್ಕೆ ಮಧ್ಯಾಹ್ನದ ಮೇಲೆ ಅದು ನೇರ ಬಿದ್ದರೆ ತೊಗಟೆ ಹಳದಿಯಾಗಿ, ಕಂದಾಗಿ, ಕಡೆಗೆ ಸೀಳುತ್ತದೆ. ಸೀಳಿದ ಮರ ಗಾಳಿಗೆ ಮುರಿಯುತ್ತದೆ.

ಇದಕ್ಕೆ ತೋಟದ ದಕ್ಷಿಣ, ಪಶ್ಚಿಮದ ಅಂಚಿನಲ್ಲಿ ಎತ್ತರದ ಮರಗಳನ್ನು ಉಳಿಸುವುದು ಹಳೆಯ ಪದ್ಧತಿ. ಎಳೆ ಮರಗಳ ಕಾಂಡಕ್ಕೆ ಅಡಿಕೆ ಹಾಳೆ, ಸೋಗೆ ಕಟ್ಟುತ್ತಾರೆ. ಸಸಿಗಳಿಗೆ ಬಾಳೆಯ ನೆರಳು ಕೊಡುತ್ತಾರೆ. ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಅಡಿಕೆಗೆ 2.7 ಮೀಟರ್ ಅಂತರ ಹೇಳುವುದರ ಜೊತೆಗೆ, ಉತ್ತರ-ದಕ್ಷಿಣದ ಸಾಲನ್ನು 35 ಡಿಗ್ರಿ ಪಶ್ಚಿಮಕ್ಕೆ ಓರೆಮಾಡಿ ನೆಟ್ಟರೆ ಮರಗಳೇ ಒಂದಕ್ಕೊಂದು ನೆರಳಾಗಿ ಸುಡುವುದು ಕಡಿಮೆಯಾಗುತ್ತದೆ ಎನ್ನುತ್ತದೆ. ಮೆಣಸಿನ ಬಳ್ಳಿಯನ್ನು ಆಸರೆ ಮರದ ಉತ್ತರ ಅಥವಾ ಈಶಾನ್ಯದ ಬದಿಗೆ ನೆಡಬೇಕೆನ್ನುವ ಸಲಹೆಯ ಕಾರಣವೂ ಇದೇ. ಹೊಸ ತೋಟ ಹಾಕುವವರು ಬೆಳೆ ಹೆಚ್ಚಾಗಲೆಂದು ಪಶ್ಚಿಮದಂಚಿನ ನಂದಿ, ಮತ್ತಿ, ಹಲಸುಗಳನ್ನು ಮೊದಲು ಕಡಿಯುವುದುಂಟು. ಇದು ದೊಡ್ಡ ನಷ್ಟ. ಒಂದು ಸಾಲಿನ ಅಡಿಕೆಗೆ ಸಿಕ್ಕುವ ಬೆಳಕಿಗಾಗಿ ಇಡೀ ತೋಟದ ಕಾಂಡಗಳನ್ನು ಬಿಸಿಲಿಗೆ ಒಡ್ಡಿದಂತಾಗುತ್ತದೆ.

ತೋಟದೊಳಗೂ ಹವೆ ಮಾಳಿಗೆ ಮಾಳಿಗೆಯಾಗಿದೆ. ತುದಿಯಲ್ಲಿ ಅಡಿಕೆಯ ಗರಿಗೆ ಪೂರ್ಣ ಬಿಸಿಲು. ಕಾಂಡದುದ್ದಕ್ಕೂ ಮೆಣಸಿಗೆ ಸೋಸಿ ಬಂದ ಬೆಳಕು. ಬಾಳೆ, ಕೋಕೋ, ಜಾಯಿಕಾಯಿ ಅದರ ಕೆಳಗೆ. ನೆಲಮಟ್ಟದಲ್ಲಿ ಏಲಕ್ಕಿ, ಅರಿಶಿನ, ಒಂದೆಲಗ. ತಳಿಯ ಆಯ್ಕೆಯೂ ಇದಕ್ಕೆ ಹೊಂದಬೇಕು. ಕೇರಳದಿಂದ ಬಂದ ಪಣಿಯೂರು-1 ದೊಡ್ಡ ಕಾಳಿನ ಮೆಣಸು, ಆದರೆ ದಟ್ಟ ನೆರಳಿನಲ್ಲಿ ಅದು ಸಪ್ಪೆ. ಬೆಳಕು ಬೀಳುವ ಅಂಚಿನ ಮರಗಳಿಗೆ ಅದು, ತೋಟದ ನಡುವಿನ ಅಡಿಕೆಗೆ ಮಲ್ಲಿಗೆಸರದಂಥ ನಾಡತಳಿ ಎಂದು ಹಂಚಿ ನೆಡುವುದು ಜಾಣತನ.

ಮನೆಯ ಸುತ್ತ

ತೋಟಕ್ಕಿಂತ ಹೆಚ್ಚು ವೈವಿಧ್ಯ ಮನೆಯ ಸುತ್ತಲಿನ ಕಾಲು ಎಕರೆಯಲ್ಲಿದೆ. ಈ ಭಾಗ ಬಹುಪಾಲು ಹೆಂಗಸರ ಆಡಳಿತ. ತೋಟಕ್ಕೆ ಲೆಕ್ಕಪತ್ರ, ಸಂಘ, ಮಾರುಕಟ್ಟೆ ಎಲ್ಲ ಇದ್ದರೂ ಹಿತ್ತಿಲಿನ ತಿಳಿವಳಿಕೆ ಬರಹಕ್ಕೆ ಬಂದದ್ದು ಬಹಳ ಕಡಿಮೆ.

ಅಂಗಳದಿಂದ ಆರಂಭಿಸಬೇಕು. ಚಾಲಿ ಅಡಿಕೆ ಒಣಗಲು ಸುಮಾರು 40 ದಿನ ಒಳ್ಳೆಯ ಬಿಸಿಲು ಬೇಕು; ಅದು ಸಿಗುವುದು ಡಿಸೆಂಬರ್‌ನಿಂದ ಮಾರ್ಚ್ ಒಳಗೆ, ಸೂರ್ಯ ದಕ್ಷಿಣಕ್ಕಿರುವಾಗ. ಹೀಗಾಗಿ ಅಂಗಳದ ದಕ್ಷಿಣಕ್ಕೆ ಎತ್ತರದ ಮರ ಬೆಳೆಸುವುದಿಲ್ಲ. ಮನೆಯ ಅತ್ಯಂತ ಬಿಸಿಯಾದ, ಒಣ ಜಾಗ ಇದೇ. ಮಳೆಗಾಲ ಬಂದೊಡನೆ ಇದೇ ಅಂಗಳ ಬೇರೆ ಕೆಲಸಕ್ಕೆ ಒದಗುತ್ತದೆ: ತೋಟದ ಕತ್ತಲಲ್ಲಿ ಏನೂ ಏಳದ ಆ ತಿಂಗಳುಗಳಲ್ಲಿ ಮೋಡದ ಮಂದ ಬೆಳಕಾದರೂ ಪೂರ್ತಿ ಸಿಗುವ ಜಾಗ ಅಂಗಳದಂಚು ಮಾತ್ರ. ಅಲ್ಲಿ ಸೌತೆ, ಹೀರೆ, ಹಾಗಲದ ಚಪ್ಪರ ಏಳುತ್ತದೆ, ಬೆಂಡೆಯ ಓಳಿ ಬರುತ್ತದೆ.

ಡೇರೆಯೂ ಅಲ್ಲೇ. ಮಲೆನಾಡಿನ ಈ ಮೂರು ತಾಲ್ಲೂಕುಗಳಲ್ಲಿ ಮಳೆಗಾಲದ ಅಂಗಳವೆಂದರೆ ಡೇರೆ ಹೂವು. ಮೆಕ್ಸಿಕೋದ ಎತ್ತರದ ನಾಡಿನ ಈ ಗಿಡಕ್ಕೆ ತಂಪು ಬೇಕು, ಆದರೆ ಗೆಡ್ಡೆಯ ಬುಡದಲ್ಲಿ ನೀರು ನಿಂತರೆ ಕೊಳೆತುಹೋಗುತ್ತದೆ. ಘಟ್ಟದ ಮೇಲಿನ ಮಳೆಗಾಲ ತಂಪನ್ನು ಕೊಡುತ್ತದೆ, ನೀರನ್ನು ಮಾತ್ರ ಮನೆಯವರೇ ದೂರವಿಡಬೇಕು. ಅದಕ್ಕೆ ಎತ್ತರದ ಏರಿ, ಸುಡುಮಣ್ಣು ಬೆರೆಸಿದ ಹಗುರ ಮಣ್ಣು, ಹಳೆಯ ಡಬ್ಬ, ಚೀಲ, ಕುಂಡ. ಸೂರಿನ ನೀರು ಧಾರೆಯಾಗಿ ಬೀಳುವ ಗೆರೆಯಿಂದ ಒಂದೆರಡು ಅಡಿ ಆಚೆಗೆ ಸಾಲು, ಗಾಳಿಗೆ ಬಾಗದಂತೆ ಕೋಲಿನ ಆಸರೆ. ಎಷ್ಟೋ ಮನೆಗಳಲ್ಲಿ ಸಾಲಿನ ಜಾಗ ವರ್ಷವರ್ಷವೂ ಒಂದೇ. ಹಿರಿಯರು ಅನುಭವದಿಂದ ಕಂಡುಕೊಂಡದ್ದು.

ಬಚ್ಚಲ ನೀರು ಹರಿಯುವ ಕಡೆ ಬೇಸಿಗೆಯಲ್ಲೂ ತೇವ ಆರದು. ಬಾಳೆ, ಕೆಸು, ಬಸಳೆ ಅಲ್ಲಿಗೆ. ಬಚ್ಚಲೊಲೆಯ ಬೂದಿ ಹತ್ತಿರವೇ ಸಿಗುವುದು ಇನ್ನೊಂದು ಅನುಕೂಲ. ಬಾವಿಕಟ್ಟೆಯ ಸುತ್ತ ಒಂದೆಲಗ, ಪುದೀನ. ಮನೆಯ ಹಿಂದಿನ ಧರೆಯ ಬುಡದಲ್ಲಿ ನೆರಳು, ಒಸರು, ಗಾಳಿಯಿಲ್ಲದ ತಂಪು. ಜರಿಗಿಡ ತಾನಾಗಿ ಬರುವ ಆ ಜಾಗದಲ್ಲಿ ಬೇಸಿಗೆಯಲ್ಲಿ ಸಸಿಮಡಿ ಇಡಬಹುದು, ಮಳೆಗಾಲದಲ್ಲಿ ಇಡಕೂಡದು. ಧರೆಯ ತಲೆಯ ಮೇಲೆ ಪರಿಸ್ಥಿತಿ ತದ್ವಿರುದ್ಧ: ನೀರು ನಿಲ್ಲದು, ಬಿಸಿಲು ಬೀಳುತ್ತದೆ. ಅತಿಮಳೆಗೆ ಹೆದರುವ ನುಗ್ಗೆ ಈ ಸೀಮೆಯಲ್ಲಿ ಬದುಕುವುದಿದ್ದರೆ ಅಲ್ಲಿ. ಕರಿಬೇವು, ನಿಂಬೆ ಚಿರೆಕಲ್ಲಿನ ಗೋಡೆಗೆ ಹತ್ತಿರ, ಬಿಸಿಲ ಕಡೆಗೆ. ಹಗಲು ಕಾದ ಕಲ್ಲು ಸಂಜೆಯ ಮೇಲೂ ಎಲೆಯನ್ನು ಬೇಗ ಒಣಗಿಸುತ್ತದೆ. ಕೊಟ್ಟಿಗೆಯ ಹಿಂದೆ, ಗೊಬ್ಬರಗುಂಡಿಯ ಅಂಚಿನಲ್ಲಿ ಕುಂಬಳ ಹಬ್ಬುತ್ತದೆ. ಕೊಳೆಯುವ ಗೊಬ್ಬರದ ಕಾವು ಬಳ್ಳಿಗೆ ಆಗುತ್ತದೆ, ಮೆಣಸಿನಕಾಯಿ ಗಿಡಕ್ಕೆ ಆಗುವುದಿಲ್ಲ.

ಗೋಡೆಯೊಳಗೂ ಒಂದು ಸೂಕ್ಷ್ಮ ವಾಯುಗುಣವಿದೆ. ಮಳೆಗಾಲದಲ್ಲಿ ಬೀಜ ಉಳಿಸುವುದು ಈ ಸೀಮೆಯ ಕಠಿಣ ಕೆಲಸ, ಎಲ್ಲೆಲ್ಲೂ ಬೂಸು. ಒಲೆಯ ಮೇಲಿನ ಅಟ್ಟದ ಬಿಸಿ ಮತ್ತು ಹೊಗೆ, ಬೂದಿಯಲ್ಲಿ ಕಲಸಿಟ್ಟ ಕಾಳು, ಸೆಗಣಿಯಲ್ಲಿ ಕಲಸಿ ಗೋಡೆಗೆ ಬಡಿದ ಸೌತೆ ಬೀಜ, ಇವೆಲ್ಲ ಅದಕ್ಕಾಗಿ. ಗ್ಯಾಸ್ ಒಲೆ ಬಂದು ಹೊಗೆಯಟ್ಟ ಹೋದ ಮನೆಗಳಲ್ಲಿ ಬೀಜಕ್ಕೆ ಡಬ್ಬವೇ ಗತಿ. ಚೆನ್ನಾಗಿ ಒಣಗಿಸದೆ ಮುಚ್ಚಿದ ಡಬ್ಬ ಬೀಜವನ್ನು ಕೊಲ್ಲುತ್ತದೆ.

ಮಂಗ, ಕಾಡುಹಂದಿಗಳ ಹಾವಳಿಯಿಂದ ಎಷ್ಟೋ ವೇಳೆ ಸರಿಯಾದ ಜಾಗ ಬಿಟ್ಟು ಕಣ್ಣಳತೆಯ ಜಾಗದಲ್ಲಿ ಬೆಳೆಯಬೇಕಾಗುತ್ತದೆ. ಗದ್ದೆ ಕೊಯ್ಲಿನ ನಂತರ ಅಲ್ಲಿ ಉಳಿದ ತೇವದಲ್ಲಿ ಮೊಗೆಕಾಯಿ, ಹರಿವೆ, ಬದನೆ ಬೆಳೆಯುವ ಪದ್ಧತಿ ಕುಗ್ಗಲು ಇದೂ ಒಂದು ಕಾರಣ.

ಮಳೆಯೊಡನೆ ಹೊಂದಾಣಿಕೆ

ಮಳೆಗಾಲಕ್ಕೆ ಮೊದಲು ಕಾದಿಗೆ (ಬಸಿಗಾಲುವೆ) ಬಿಡಿಸುವುದು ತೋಟದ ಮುಖ್ಯ ಕೆಲಸ. ಎರಡು ಕಾದಿಗೆಗಳ ನಡುವಿನ ಬರಣದಲ್ಲಿ ಮರಗಳಿರುತ್ತವೆ. ಕಾದಿಗೆಯಲ್ಲಿ ನೀರು ಸರಾಗ ಹರಿದರೆ ಬೇರಿಗೆ ಉಸಿರು, ಕಟ್ಟಿದರೆ ಬೇರುಕೊಳೆ. ಹಿಡಿಮುಂಡಿಗೆ ರೋಗ ಹೆಚ್ಚು ಕಾಣುವುದು ನೀರು ಬಸಿಯದ ತೋಟಗಳಲ್ಲಿ. ಹಿತ್ತಿಲಿನಲ್ಲೂ ಇದೇ ನಿಯಮ: ಅಂಗಳದ ಮೇಲ್ಬದಿಯಲ್ಲಿ ಅಗಳ ತೋಡಿ ಧರೆಯ ನೀರನ್ನು ಬದಿಗೆ ತಿರುಗಿಸಿದರೆ ಕೆಳಗಿನ ಗಿಡಗಳಲ್ಲಿ ಅರ್ಧ ಉಳಿದಂತೆ. ಜಡಿಮಳೆ ಬಡಿಯುವ ಬದಿಗೆ ಸೋಗೆಯ ತಟ್ಟಿ ಕಟ್ಟುವುದು ಮಣ್ಣಿನ ಗೋಡೆಯನ್ನು ಕಾಯುವುದಕ್ಕೆ. ಅದರ ಮರೆಯಲ್ಲಿ ಎಳೆ ಸಸಿಗಳೂ ಬದುಕಿಕೊಳ್ಳುತ್ತವೆ.

ಅಡಿಕೆಯ ಕೊಳೆರೋಗ ಸೂಕ್ಷ್ಮ ವಾಯುಗುಣದ ರೋಗವೆಂದೇ ಹೇಳಬೇಕು. ಫೈಟಾಫ್ತೊರಾ ಎಂಬ ಶಿಲೀಂಧ್ರದಂಥ ಜೀವಿ 20ರಿಂದ 23 ಡಿಗ್ರಿ ತಂಪಿನಲ್ಲಿ, ಗಾಳಿಯ ತೇವ ಶೇಕಡಾ 90 ದಾಟಿದಾಗ ಹರಡುತ್ತದೆ. ನಡುವೆ ಬಿಸಿಲು ಬಂದು ಮತ್ತೆ ಮಳೆ ಹಿಡಿದರೆ ಇನ್ನೂ ಹೆಚ್ಚು. ಒತ್ತಾಗಿ ನೆಟ್ಟ, ಗಾಳಿಯಾಡದ ಕಣಿವೆಯ ತಳದ ತೋಟಕ್ಕೆ ಅದು ಮೊದಲು ಬರುತ್ತದೆ. ಹಿಂದಿನವರು ಕರಡ ಅಥವಾ ಹಾಳೆಯಿಂದ ಕೊಟ್ಟೆ ಮಾಡಿ ಒಂದೊಂದು ಕೊನೆಗೂ ಕಟ್ಟುತ್ತಿದ್ದರು. ಕೊನೆಯೊಂದರ ಸುತ್ತ ಮಾತ್ರ ಒಣ ಹವೆ ಉಂಟುಮಾಡುವ ಈ ಉಪಾಯಕ್ಕೆ ಮರ ಏರುವ ಕೊನೆಗೌಡನ ಕೌಶಲವೇ ಬಂಡವಾಳ. ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್‌ಮನ್ 1910ರಲ್ಲಿ ಕೊಳೆರೋಗದ ಅಧ್ಯಯನ ಪ್ರಕಟಿಸಿದ ಮೇಲೆ ಬೋರ್ಡೋ ದ್ರಾವಣ ಮಲೆನಾಡಿನಲ್ಲಿ ಬಳಕೆಗೆ ಬಂತು. 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಔಷಧಿ ಹೊಡೆಯುವುದು ಸುಲಭವಾದ ಮೇಲೆ ಗಾಳಿ, ನೆರಳು ಹದ ಮಾಡುವ ಕೆಲಸ ಹಿಂದೆ ಬಿತ್ತು. ಈಚಿನ ವರ್ಷಗಳಲ್ಲಿ ಎಲೆಚುಕ್ಕಿ ರೋಗ ಹಬ್ಬಿದಾಗ ತೋಟದೊಳಗಿನ ತೇವದ ವಿಚಾರ ಮತ್ತೆ ಚರ್ಚೆಗೆ ಬಂದಿದೆ.

ಕಾಡಿನ ಮಾದರಿಗಳು

ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನಲ್ಲಿ ಹಳ್ಳದ ಪಕ್ಕ ರಾಮಪತ್ರೆ ಕುಲದ ಮರಗಳ ಜೌಗು ಕಾಡುಗಳಿವೆ. ಸುತ್ತಲಿನ ಕಾಡು ಬದಲಾದರೂ ವರ್ಷವಿಡೀ ನೀರಿರುವ ಆ ಕಿರಿದಾದ ಪಟ್ಟಿಗಳಲ್ಲಿ ಪ್ರಾಚೀನ ಸಸ್ಯಗಳು ಉಳಿದಿವೆ. ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್ ಎಂಬ ಮರವನ್ನು ಅಲ್ಲಿಂದ 2000ದಲ್ಲಿ ಹೊಸ ಪ್ರಭೇದವಾಗಿ ವಿವರಿಸಲಾಯಿತು. ತೋಟಿಗರು ಜಾಯಿಕಾಯಿಯನ್ನು ಹಳ್ಳದ ಹತ್ತಿರದ ನೆರಳಿಗೆ ಹಾಕುವುದು ಇದೇ ಕುಲದ ಸ್ವಭಾವಕ್ಕೆ ಸರಿಯಾಗಿದೆ, ಆದರೆ ಜಾಯಿಕಾಯಿ ನಿಂತ ನೀರನ್ನು ತಾಳದು. ಒರತೆ ಬೇಕು, ಜೌಗು ಬೇಡ. ಅಪ್ಪೆಮಿಡಿಯ ಮರಗಳು ಅಘನಾಶಿನಿ, ಬೇಡ್ತಿ, ಶರಾವತಿ, ವರದೆಗಳ ದಂಡೆಯಲ್ಲಿ ಹುಟ್ಟಿ ಬೆಳೆದವು. ಕಸಿ ಮಾಡಿ ಮನೆಯ ಹತ್ತಿರ ತರುವಾಗ ಆಳದ ತೇವ ಸಿಗುವ, ತಲೆಗೆ ಬಿಸಿಲು ಬೀಳುವ ಜಾಗ ಹುಡುಕುವುದು ಇದಕ್ಕೇ.

ಹಿಂದು, ಇಂದು

1801ರಲ್ಲಿ ಈ ದಾರಿಯಾಗಿ ಯಲ್ಲಾಪುರ, ಸೋಂದೆ, ಶಿರಸಿಗಳನ್ನು ಹಾದುಹೋದ ಈಸ್ಟ್ ಇಂಡಿಯಾ ಕಂಪನಿಯ ಸಮೀಕ್ಷಕ ಫ್ರಾನ್ಸಿಸ್ ಬುಕಾನನ್ ಅಡಿಕೆ, ಮೆಣಸು, ಏಲಕ್ಕಿ ಕೂಡಿ ಬೆಳೆವ ತೋಟಗಳನ್ನು ವಿವರವಾಗಿ ದಾಖಲಿಸಿದ್ದಾನೆ. 1923ರಲ್ಲಿ ಶಿರಸಿಯಲ್ಲಿ ತೋಟಗಾರರ ಸೇಲ್ ಸೊಸೈಟಿ ಸ್ಥಾಪನೆಯಾಯಿತು. 2019ರಲ್ಲಿ ಶಿರಸಿ, ಸಿದ್ದಾಪುರ, ಯಲ್ಲಾಪುರದ ಅಡಿಕೆಗೆ 'ಶಿರಸಿ ಸುಪಾರಿ' ಎಂದು ಭೌಗೋಳಿಕ ಸೂಚಿ ಸಿಕ್ಕಿತು. ರುಚಿಗೆ ಈ ಕಣಿವೆಗಳ ಹವೆ, ಮಣ್ಣು ಕಾರಣವೆಂಬುದೇ ಆ ಮಾನ್ಯತೆಯ ತಳಹದಿ. ಹಿತ್ತಿಲಿನ ಕಡೆಗೆ ಗಮನ ಸೆಳೆದದ್ದು ಸುನೀತಾ ರಾವ್ 2001ರಲ್ಲಿ ಆರಂಭಿಸಿದ 'ವನಸ್ತ್ರೀ'. ಶಿರಸಿಯನ್ನು ಕೇಂದ್ರವಾಗಿಟ್ಟುಕೊಂಡ ಈ ಮಹಿಳಾ ಬೀಜ ಸಂಘಟನೆ ಮಲೆನಾಡು ಮೇಳಗಳಲ್ಲಿ ಬೀಜ, ಗೆಡ್ಡೆ, ಹೂವಿನ ವಿನಿಮಯ ನಡೆಸಿದೆ. ಬೀಜದೊಡನೆ ಅದು ಎಲ್ಲಿ ಬರುತ್ತದೆ, ಯಾವಾಗ ಹಾಕಬೇಕು ಎಂಬ ಮಾತೂ ಕೈಬದಲಾಗುವುದು ಇಂಥ ಕಡೆಗಳಲ್ಲೇ.

ಅಡಿಕೆ ಬೆಲೆ ಏರಿದಾಗೆಲ್ಲ ತೋಟ ಕಣಿವೆ ಬಿಟ್ಟು ಗದ್ದೆಗೆ, ಬೇಣಕ್ಕೆ ಏರಿದೆ. ಅಲ್ಲಿ ಗುಡ್ಡದ ನೆರಳಿಲ್ಲ, ಅಬ್ಬಿಯಿಲ್ಲ. ಕೊಳವೆಬಾವಿ ಮತ್ತು ಸ್ಪ್ರಿಂಕ್ಲರಿನ ಮೇಲೆ ನಿಂತ ತೋಟ ಅದು. ಜೆಸಿಬಿಯಿಂದ ಇಳಿಜಾರನ್ನು ಎತ್ತರವಾಗಿ ಕಡಿದು ಮಟ್ಟ ಮಾಡುವುದೂ ಹೆಚ್ಚಿದೆ. 2021ರ ಜುಲೈನಲ್ಲಿ ಯಲ್ಲಾಪುರ ತಾಲ್ಲೂಕಿನ ಕಳಚೆಯಲ್ಲಿ ಅತಿಮಳೆಗೆ ಗುಡ್ಡ ಜರಿದು ತೋಟಗಳು ಮಣ್ಣುಪಾಲಾದ ಮೇಲೆ, ಇಳಿಜಾರಿನ ನೀರಿನ ದಾರಿಯನ್ನು ಮುಟ್ಟುವ ಮೊದಲು ಯೋಚಿಸಬೇಕೆಂಬುದು ಎಲ್ಲರಿಗೂ ಗೊತ್ತಾಗಿದೆ. ಹಂಚಿನ ಮನೆ ಹೋಗಿ ಕಾಂಕ್ರೀಟಿನ ತಾರಸಿ, ಅಂಗಳಕ್ಕೆ ಸಿಮೆಂಟು ಬಂದಲ್ಲಿ ಮನೆಯ ಸುತ್ತಲಿನ ಹವೆಯೇ ಬಿಸಿಯಾಗಿದೆ. ಇಂಗುತ್ತಿದ್ದ ಸೂರಿನ ನೀರು ಒಮ್ಮೆಲೇ ಹರಿದುಹೋಗುತ್ತದೆ. ಅಂಥ ಕಡೆ ಅಂಚಿನಲ್ಲಿ ಎರಡು ಅಡಿ ಮಣ್ಣು ಬಿಟ್ಟುಕೊಂಡು ಇಂಗುಗುಂಡಿಯ ಪಕ್ಕ ಬಸಳೆ, ಬಾಳೆ ಹಾಕುವುದು ಸಾಧ್ಯವಿದೆ. ತಾರಸಿಯ ಮೇಲೆ ತೊಂಡೆಯ ಚಪ್ಪರ ಹಬ್ಬಿಸಿದರೆ ಕೆಳಗಿನ ಕೋಣೆಯೂ ತಂಪಾಗುತ್ತದೆ.

ಹವಾಮಾನ ಆಧಾರಿತ ಬೆಳೆವಿಮೆಯಲ್ಲಿ ಅಡಿಕೆ ಮತ್ತು ಕಾಳುಮೆಣಸಿನ ಪರಿಹಾರ ಗ್ರಾಮ ಪಂಚಾಯತ ಮಟ್ಟದ ಮಳೆಮಾಪಕದ ಅಂಕಿಗೆ ಕಟ್ಟುಬಿದ್ದಿದೆ. ರಾಜ್ಯದ ಪಂಚಾಯತಗಳಲ್ಲಿ ಇಂಥ ಮಾಪಕಗಳ ಜಾಲವಿರುವುದು ದೊಡ್ಡ ಸಾಧನೆ. ಆದರೂ ಘಟ್ಟದಂಚಿನ ಒಂದು ಪಂಚಾಯತದಲ್ಲಿ ನಾಲ್ಕಾರು ಕಣಿವೆಗಳಿರುತ್ತವೆ, ಒಂದರ ಮಳೆ ಇನ್ನೊಂದರದಲ್ಲ. ರೈತರು ತಮ್ಮ ಅಂಗಳದಲ್ಲೇ ಸಾದಾ ಮಳೆಮಾಪಕವಿಟ್ಟು ದಿನದ ಮಳೆಯನ್ನು ಬರೆದಿಡುವುದು ಕಷ್ಟದ ಕೆಲಸವಲ್ಲ. ಅದರ ಜೊತೆಗೆ ತೋಟದ ತಳದಲ್ಲಿ, ಅಂಗಳದಲ್ಲಿ, ಬೇಣದ ಮೇಲೆ ಒಂದೊಂದು ಉಷ್ಣಮಾಪಕ ತೂಗುಹಾಕಿದರೆ ಒಂದೇ ವರ್ಷದಲ್ಲಿ ಆ ಮನೆಯ ಜಮೀನಿನ ಹವೆಯ ನಕ್ಷೆ ಕೈಗೆ ಬರುತ್ತದೆ. ಮುಂದಿನ ಸಸಿ ಎಲ್ಲಿಗೆ ಎಂಬ ತೀರ್ಮಾನವನ್ನೂ ವಿಮೆಯ ಮಾತುಕತೆಯನ್ನೂ ಆ ದಾಖಲೆಯ ಮೇಲೆ ನಡೆಸಬಹುದು.